ಬಾಲವಿದ್ದ ಚುಕ್ಕೆ

ಎಲಿಯಾಸ್ ರೆಬೆಲ್ಲೊ ಮಸ್ಕತ್ತಿನ ವಾದಿ ಕಬೀರಿನಲ್ಲಿ ಒಂದು ಟ್ರೇಡಿಂಗ್ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದ. ವಿಭಾಗವೆಂದರೆ ಅವನೊಬ್ಬನೇ. ನೀರಿನ ಪಂಪು, ಜನರೇಟರು, ಎಸಿಯ ಬಿಡಿಭಾಗ, ಆಫೀಸಿನ ಕುರ್ಚಿ, ಒಮ್ಮೆ ಮಾಲೀಕರ ಮಗಳ ಮದುವೆಗೆಂದು ಐಸ್ ಮಾಡುವ ಯಂತ್ರ, ಹೀಗೆ ಏನು ಕೊಳ್ಳಬೇಕಾದರೂ ಅವನು ಮೂರು ಕಡೆಯಿಂದ ಮಾಹಿತಿ ತರಿಸಿ, ಮೂರನ್ನೂ ಹೋಲಿಸಿ, ಒಂದನ್ನು ಆರಿಸುತ್ತಿದ್ದ. ಅವನು ಮದುವೆಯಾದದ್ದೂ ಹಾಗೆಯೇ ಎಂದು ಅಕೌಂಟೆಂಟ್ ಸ್ಟ್ಯಾನಿ ಎಲ್ಲರಿಗೂ ಹೇಳುತ್ತಿದ್ದ. ಅದು ಸುಳ್ಳು. ಡೊರೊತಿಯನ್ನು ಎಲಿಯಾಸ್ ಮೊದಲು ನೋಡಿದ್ದು ಶಿರ್ವದಲ್ಲಿ, ಯಾರದೋ ಮಗುವಿನ ಜ್ಞಾನಸ್ನಾನದ ಊಟದಲ್ಲಿ. ಬೇರೆ ಇಬ್ಬರನ್ನು ಅವನು ನೋಡಿರಲೇ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತಮೂರರ ಅಕ್ಟೋಬರಿನಲ್ಲಿ ಮಾಲೀಕ ಮೇಜರ್ ಖಲ್ಫಾನ್ ಅವನನ್ನು ಒಳಗೆ ಕರೆದರು. ಸೈನ್ಯದಿಂದ ನಿವೃತ್ತರಾಗಿ ವ್ಯಾಪಾರಕ್ಕೆ ಬಂದವರು. ಎಲಿಯಾಸನ ಕಫೀಲ್ ಕೂಡ ಅವರೇ. ಅವನ ವೀಸಾ, ಅವನ ಹೆಂಡತಿ ಮಗಳ ವೀಸಾ, ಎಲ್ಲವೂ ಅವರ ಒಂದು ಸಹಿಯ ಮೇಲೆ ನಿಂತಿದ್ದವು. ಮೇಜಿನ ಮೇಲೆ ಒಂದು ಇಂಗ್ಲಿಷ್ ಪತ್ರಿಕೆ ತೆರೆದಿತ್ತು. ಅದರಲ್ಲಿ ಪಿಸ್ತೂಲಿನ ಚಿತ್ರ. ಪಿಸ್ತೂಲಿನ ಬೆನ್ನ ಮೇಲೆ ಒಂದು ಗಿಡ್ಡ ಕೊಳವೆ.

“ಇದೇನು ಗೊತ್ತಾ?” ಎಂದರು ಮೇಜರ್. ಅವರು ಭಾರತೀಯರ ಜೊತೆ ಮಾತಾಡುತ್ತಿದ್ದುದು ಉರ್ದು ಮತ್ತು ಇಂಗ್ಲಿಷ್ ಬೆರೆಸಿ.

“ದುರ್ಬೀನು, ಸರ್.”

“ಅಲ್ಲ. ಇದರಲ್ಲಿ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ಒಳಗೆ ಒಂದು ಕೆಂಪು ಚುಕ್ಕೆ ಇರುತ್ತದೆ. ಚುಕ್ಕೆ ಎಲ್ಲಿ ಕೂತಿದೆಯೋ ಗುಂಡು ಅಲ್ಲಿಗೆ ಹೋಗುತ್ತದೆ. ರೆಡ್ ಡಾಟ್ ಸೈಟ್. ನನಗೊಂದು ಬೇಕು.”

“ಯಾವುದು, ಸರ್?”

“ಅದನ್ನು ನೀನು ಹೇಳಬೇಕು.”

ತಾನು ಜೀವನದಲ್ಲಿ ಪಿಸ್ತೂಲು ಮುಟ್ಟಿದವನಲ್ಲ ಎಂದು ಎಲಿಯಾಸ್ ಹೇಳಿದ. ಐಸ್ ಯಂತ್ರವನ್ನೂ ನೀನು ಅಲ್ಲಿಯವರೆಗೆ ಮುಟ್ಟಿರಲಿಲ್ಲ ಎಂದರು ಮೇಜರ್. ಅದು ನಿಜವಾಗಿತ್ತು.

ಆ ಗುರುವಾರ ರಜೆ. ಮೇಜರ್ ಅವನನ್ನು ತಮ್ಮ ಕಾರಿನಲ್ಲಿ ಸೀಬ್ ಕಡೆಗೆ ಕರೆದುಕೊಂಡು ಹೋದರು. ವಿಮಾನ ನಿಲ್ದಾಣ ದಾಟಿ, ಹೊಸ ವಿಲ್ಲಾಗಳನ್ನೂ ದಾಟಿ, ಕಲ್ಲುಹರಳಿನ ಬಯಲಿನಲ್ಲಿ ನಿವೃತ್ತರ ಒಂದು ಶೂಟಿಂಗ್ ಕ್ಲಬ್ ಇತ್ತು. ತಗಡಿನ ನೆರಳು, ಎದುರಿಗೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಸಾಲಾಗಿ ಕಾಗದದ ಗುರಿಗಳು. ಮೇಜರ್ ಕಿವಿಗೆ ಮುಚ್ಚಳ ಹಾಕಿಕೊಂಡರು, ಎಲಿಯಾಸನಿಗೆ ಹತ್ತಿ ಕೊಟ್ಟರು. ಮೊದಲ ಗುಂಡು ಹಾರಿದಾಗ ಎಲಿಯಾಸ್ ಜೇಬಿನಲ್ಲಿದ್ದ ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಾಕೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಮೇಜರ್ ಖಾಲಿ ಪಿಸ್ತೂಲು ತೋರಿಸಿ ವಿವರಿಸಿದರು. ಹಿಂದೆ ಒಂದು ಕಚ್ಚು, ತುದಿಯಲ್ಲಿ ಒಂದು ಕುಡಿ, ದೂರದಲ್ಲಿ ಗುರಿ. ಮೂರನ್ನೂ ಕಣ್ಣು ಒಂದೇ ಗೆರೆಯಲ್ಲಿ ತರಬೇಕು. “ಚಿಕ್ಕ ವಯಸ್ಸಿನಲ್ಲಿ ಮೂರೂ ಕಾಣುತ್ತವೆ. ಈಗ ನನಗೆ ಗುರಿ ಕಾಣುತ್ತದೆ. ಕುಡಿ ಎಲ್ಲೋ ಇದೆ ಎಂದು ನಂಬಿ ಹೊಡೆಯುತ್ತೇನೆ. ಚುಕ್ಕೆ ಇದ್ದರೆ ಈ ಗೆರೆಯ ಕೆಲಸ ಇಲ್ಲ. ಗುರಿಯನ್ನು ನೋಡಿದರೆ ಸಾಕು, ಚುಕ್ಕೆ ಅದರ ಮೇಲೆ ಬಂದು ಕೂರುತ್ತದೆ.”

ಜನವರಿಯಲ್ಲಿ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ. ಮೇಜರ್ ಅದನ್ನು ಹಲವು ಸಲ ಗೆದ್ದವರು. ಹಿಂದಿನ ವರ್ಷ ಏಳನೆಯವರಾಗಿದ್ದರು. ಈ ವರ್ಷದಿಂದ ಇಂಥ ಕೊಳವೆಗಳನ್ನು ಬಳಸಬಹುದೆಂದು ಕ್ಲಬ್ ನಿಯಮ ಬದಲಾಯಿಸಿತ್ತು. ಸದಸ್ಯರೆಲ್ಲರ ಕಣ್ಣಿಗೂ ಒಟ್ಟಿಗೇ ವಯಸ್ಸಾಗಿತ್ತು.

ಎಲಿಯಾಸ್ ತನಗೆ ತಿಳಿದ ರೀತಿಯಲ್ಲಿ ಕೆಲಸ ಶುರುಮಾಡಿದ. ಫ್ಯಾಕ್ಸ್ ಕಳಿಸಿದ. ಸ್ವೀಡನ್ನಿನದೊಂದು, ಅಮೆರಿಕದ್ದೊಂದು, ಜಪಾನಿನದೊಂದು ಆರಿಸಿ, ನೋಡಿ ಬೇಡವಾದುದನ್ನು ಹಿಂತಿರುಗಿಸುವ ಒಪ್ಪಂದದ ಮೇಲೆ ತರಿಸಿದ. ಪೊಲೀಸ್ ಅನುಮತಿಗೆ ಅಲೆದಾಡುವುದರಲ್ಲೇ ನವೆಂಬರ್ ಹೋಯಿತು. ಕೊನೆಗೆ ಮೂರೂ ಕೊಳವೆಗಳು ಥರ್ಮೊಕೋಲಿನ ಗೂಡುಗಳಲ್ಲಿ ಕೂತು ಬಂದವು. ಮೂರೂ ಕಪ್ಪು. ದೂರದಿಂದ ನೋಡಿದರೆ ಪಂಪಿನ ಬಿಡಿಭಾಗಗಳಂತೆಯೇ ಇದ್ದವು, ಇದರಿಂದ ಎಲಿಯಾಸನಿಗೆ ಸ್ವಲ್ಪ ಧೈರ್ಯ ಬಂತು.

ಮೇಜರ್ ಸ್ವೀಡನ್ನಿನದನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು. ಗುಂಡಿ ತಿರುಗಿಸಿ ಚುಕ್ಕೆ ಹೊತ್ತಿಸಿದರು. ರಸ್ತೆಯಾಚೆಯ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಕಡೆಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದಕ್ಕೆ ಬಾಲ ಇದೆ.”

“ಬಾಲ, ಸರ್?”

“ಚುಕ್ಕೆಗೆ ಬಾಲ. ಕಾಮಾ ಹಾಕಿದ ಹಾಗೆ.”

ಎಲಿಯಾಸ್ ತಾನೂ ನೋಡಿದ. ಟ್ಯಾಂಕಿನ ಹೊಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ, ಅಕ್ಕಿಯ ಡಬ್ಬಿಯಲ್ಲಿ ಬಿದ್ದ ಗುಲಗಂಜಿಯ ಹಾಗೆ ದುಂಡಗೆ, ಸ್ಪಷ್ಟವಾಗಿ ಕೂತಿತ್ತು. ಅವನು ಕೊಳವೆಯನ್ನು ಹಿಂದಕ್ಕೆ ಕೊಟ್ಟ. ಏನೂ ಹೇಳಲಿಲ್ಲ.

ಮೇಜರ್ ಅಮೆರಿಕದ್ದನ್ನು ನೋಡಿದರು. ಅದಕ್ಕೂ ಬಾಲವಿತ್ತು. ಜಪಾನಿನದಕ್ಕೆ ಇನ್ನೂ ದಪ್ಪ ಬಾಲವಿತ್ತು.

“ಮೂರೂ ಕೆಟ್ಟಿವೆ. ಮೂವರಿಗೂ ದೂರು ಬರೆ” ಎಂದು ಮೇಜರ್ ಕುರ್ಚಿಯಲ್ಲಿ ಕೂತರು.

ಮಧ್ಯಾಹ್ನ ಊಟದ ಹೊತ್ತಿಗೆ ಎಲಿಯಾಸ್ ಇದನ್ನು ಸ್ಟ್ಯಾನಿಗೆ ಹೇಳಿದ. ಸ್ಟ್ಯಾನಿ ಬೆಳ್ಮಣ್ಣಿನವನು, ಯಾವ ಸಮಸ್ಯೆಯನ್ನೂ ಊಟ ಮುಗಿಯುವುದರೊಳಗೆ ಬಗೆಹರಿಸುವವನು.

“ಬರೆದು ಕೈ ತೊಳ್ಕೊ ಮಾರಾಯ. ಸ್ವೀಡನ್ನಿನವ ವಾದಿ ಕಬೀರಿಗೆ ಬಂದು ಕೇಳ್ತಾನಾ?”

“ಕೆಟ್ಟಿದ್ದರೆ ಬರೆಯಬಹುದು. ಅದು ಕೆಟ್ಟಿಲ್ಲ. ನಾನು ನೋಡಿದ್ದೇನೆ.”

“ಮಾಲು ಯಾರಿಗೆ? ನಿನಗಾ, ಅವರಿಗಾ?”

“ಅವರಿಗೆ.”

“ಅವರಿಗೆ ಬಾಲ ಕಾಣ್ತದೆ. ಹಾಗಾದರೆ ಬಾಲ ಉಂಟು. ಖಲಾಸ್.”

ಮೂರು ದೇಶಗಳ ಮೂರು ಕಂಪನಿಗಳು ಒಂದೇ ಬಾಲವನ್ನು ಹೇಗೆ ತಯಾರಿಸಿದವು ಎಂದು ಎಲಿಯಾಸ್ ಕೇಳಿದ. ಸ್ಟ್ಯಾನಿ ಮೀನಿನ ಮುಳ್ಳು ಬಿಡಿಸುತ್ತಿದ್ದ.

ಸಂಜೆ ಎಲಿಯಾಸ್ ಮೂರನ್ನೂ ಮನೆಗೆ ತಂದ. ಆಫೀಸಿನ ಕಪಾಟಿಗೆ ಬೀಗ ಇರಲಿಲ್ಲ. ಡೊರೊತಿ ಇಂಡಿಯನ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು, ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದಳು.

“ಇದು ಬಂದೂಕಿನದ್ದಾ?” ಎಂದಳು.

“ಪಿಸ್ತೂಲಿನದ್ದು.”

“ಎರಡಕ್ಕೂ ವ್ಯತ್ಯಾಸ ಎಂತ?”

“ಇದು ಸಣ್ಣದು.”

ಅನ್ನ ಉಣ್ಣುವ ಮೇಜಿನ ಮೇಲೆ ಇಡಬೇಡಿ ಎಂದಳು. ಎಲಿಯಾಸ್ ಟಿವಿಯ ಮೇಲಿಟ್ಟ. ಪಾತ್ರೆ ತೊಳೆದು ಬಂದ ಮೇಲೆ ಅವಳೇ ಒಂದನ್ನು ಎತ್ತಿಕೊಂಡಳು. ಕೊಳವೆ ಕನ್ನಡಕಕ್ಕೆ ತಾಗುತ್ತಿತ್ತೆಂದು ಕನ್ನಡಕ ತೆಗೆದಿಟ್ಟು, ಮೊದಲು ದೇವರ ಪಟದ ಕಡೆಗೆ ಹಿಡಿದಳು. ಆಮೇಲೆ ಅದು ಸರಿಯಲ್ಲ ಅನ್ನಿಸಿತೇನೋ, ಪಕ್ಕದ ಕ್ಯಾಲೆಂಡರಿನ ಕಡೆಗೆ ತಿರುಗಿದಳು.

“ಚುಕ್ಕೆ ಅಂದಿರಿ. ಇದು ಹೂವಿನ ಹಾಗುಂಟು. ದಾಸವಾಳ.”

ಎಲಿಯಾಸ್ ಎದ್ದು ನಿಂತ. “ಕನ್ನಡಕ ಹಾಕಿ ನೋಡು.”

ಅವಳು ಹಾಕಿ ನೋಡಿದಳು. “ಈಗ ಚುಕ್ಕೆ.” ತೆಗೆದಳು. “ಈಗ ಹೂವು.” ಗಣಿತದ ಟೀಚರು, ಅಷ್ಟಕ್ಕೆ ಬಿಡಲಿಲ್ಲ. ಕೊಳವೆಯನ್ನು ತಲೆಕೆಳಗು ಮಾಡಿದಳು, ಹೂವು ಅಲುಗಲಿಲ್ಲ. ತನ್ನ ತಲೆಯನ್ನೇ ಓರೆ ಮಾಡಿದಳು, ಹೂವೂ ಓರೆಯಾಯಿತು.

“ಹೂವು ಇದರ ಒಳಗೆ ಇಲ್ಲ. ನನ್ನ ಕಣ್ಣಲ್ಲಿ ಉಂಟು” ಎಂದಳು. “ನಿಮ್ಮ ಮೇಜರಿಗೆ ಕನ್ನಡಕ ಬೇಕು.”

“ಅದನ್ನು ಅವರಿಗೆ ಹೇಳುವವರು ಯಾರು?”

ಡೊರೊತಿ ಕೊಳವೆಯನ್ನು ಟಿವಿಯ ಮೇಲೆ ಇಟ್ಟಳು. ಒಳಗಿನ ಕೋಣೆಯಲ್ಲಿ ಮಗಳು ಐಡಾ ಹತ್ತನೆಯ ತರಗತಿಯ ಇತಿಹಾಸವನ್ನು ಗಟ್ಟಿಯಾಗಿ ಓದುತ್ತಿದ್ದಳು. “ಅವಳ ಪರೀಕ್ಷೆ ಮಾರ್ಚಿನಲ್ಲಿ ಮುಗೀತದೆ. ಆಮೇಲೆ ಹೇಳಿದರೆ ಆಗ್ತದಾ?”

“ಸ್ಪರ್ಧೆ ಜನವರಿಯಲ್ಲಿ.”

“ಹಾಗಾದರೆ ಮೆಲ್ಲಗೆ ಹೇಳಿ.”

ಶನಿವಾರ ಬೆಳಿಗ್ಗೆ ಮೇಜರ್ ದೂರಿನ ಪತ್ರಗಳನ್ನು ಕೇಳಿದರು. ಎಲಿಯಾಸ್ ಪತ್ರದ ಬದಲು ಸ್ವೀಡನ್ನಿನ ಕೊಳವೆಯನ್ನು ಹಿಡಿದುಕೊಂಡು ನಿಂತಿದ್ದ.

“ಒಂದು ವಿವರ ಬೇಕಿತ್ತು, ಸರ್. ಬಾಲ ಯಾವ ಕಡೆಗೆ ಎಂದು ಬರೆಯಬೇಕಲ್ಲ.”

ಮೇಜರ್ ಕಿಟಕಿಯ ಬಳಿ ಹೋಗಿ ನೋಡಿದರು. “ಬಲಕ್ಕೆ. ಸ್ವಲ್ಪ ಕೆಳಗೆ.”

ಎಲಿಯಾಸ್ ಕೊಳವೆಯನ್ನು ಅವರ ಕೈಯಲ್ಲೇ ತಲೆಕೆಳಗು ಮಾಡಿದ. “ಈಗ, ಸರ್?”

“ಬಲಕ್ಕೆ. ಸ್ವಲ್ಪ ಕೆಳಗೆ.”

“ಅಡ್ಡ ಹಿಡಿದರೆ?”

“ಬಲಕ್ಕೆ...” ಎಂದು ಮೇಜರ್ ನಿಲ್ಲಿಸಿದರು. ಆಮೇಲೆ ಎಲಿಯಾಸ್ ಏನೂ ಹೇಳಬೇಕಾಗಲಿಲ್ಲ. ಅವರೇ ಕೊಳವೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಅದನ್ನಿಟ್ಟು ಅಮೆರಿಕದ್ದನ್ನು ತಿರುಗಿಸಿದರು, ಜಪಾನಿನದನ್ನು ತಿರುಗಿಸಿದರು. ಎಸಿ ಗೊರಗೊರ ಎನ್ನುತ್ತಿತ್ತು. ಅದರ ರಿಪೇರಿಗೆ ಆರ್ಡರು ಹಾಕಬೇಕೆಂಬುದು ಎಲಿಯಾಸನಿಗೆ ಆಗ ನೆನಪಾಯಿತು.

“ನಿನಗೆ ಹೇಗೆ ಕಾಣುತ್ತದೆ?”

“ದುಂಡಗೆ, ಸರ್.”

“ಮೊದಲ ದಿನವೂ?”

“ಹೌದು, ಸರ್.”

“ಆವತ್ತು ಹೇಳಲಿಲ್ಲ.”

“ಇಲ್ಲ, ಸರ್.”

“ಹೋಗು” ಎಂದರು ಮೇಜರ್.

ಆ ವಾರ ಅವರು ಎಲಿಯಾಸನನ್ನು ಕರೆಯಲಿಲ್ಲ. ಎದುರು ಸಿಕ್ಕಾಗ ಸಲಾಂ ಹೇಳಿದರು, ಅಷ್ಟೇ. ಸ್ಟ್ಯಾನಿ ತನ್ನ ಮನೆಯಲ್ಲಿ ಟಿವಿ ಬಂದ ಗಟ್ಟಿ ಕಾರ್ಟನ್ನುಗಳು ಇವೆ, ಸಾಮಾನು ಕಟ್ಟಲು ಬೇಕಾದರೆ ಹೇಳು ಎಂದ. ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದ. ಎಲಿಯಾಸ್ ಈಗ ಬೇಡ ಎಂದ. ಆದರೆ ಶುಕ್ರವಾರ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೂ ಅವನು ಮಂಡಿಯೂರಿಯೇ ಇದ್ದ. ಡೊರೊತಿ ಅವನನ್ನು ಎಬ್ಬಿಸಬೇಕಾಯಿತು.

ಮರುವಾರ ಮೇಜರ್ ತಾವೇ ಅವನ ಮೇಜಿನ ಬಳಿ ಬಂದು ನಿಂತರು. “ಯಲ್ಲಾ, ನಡೆ” ಎಂದರು. ಇಬ್ಬರೂ ಕಾರಿನಲ್ಲಿ ಕೂತರು. ಎಲ್ಲಿಗೆಂದು ಎಲಿಯಾಸ್ ಕೇಳಲಿಲ್ಲ. ಕಾರು ರೂವಿಯ ಕಡೆಗೆ ತಿರುಗಿದಾಗ ಮೇಜರ್ ಮಾತು ತೆಗೆದರು.

ದೇಶದ ದಕ್ಷಿಣದಲ್ಲಿ ಯುದ್ಧವಿದ್ದ ಕಾಲ. ಸಲಾಲಾದ ಮೇಲಿನ ಬೆಟ್ಟದಲ್ಲಿ ಅವರ ತುಕಡಿ ಇತ್ತು. ಮಳೆಗಾಲದ ಜಿಡಿಮಳೆ, ಮಂಜು. ಮೇಜರ್ ಆಗ ಬರೀ ಕಾರ್ಪೊರಲ್. ಕಾವಲಿಗೆ ನಿಂತಿದ್ದಾಗ ಎದುರಿನ ಇಳಿಜಾರಿನಲ್ಲಿ ಎರಡು ದೀಪ ಕಂಡವು, ಒಂದರ ಪಕ್ಕ ಇನ್ನೊಂದು. ಹೋಗಿ ವರದಿ ಮಾಡಿದರು. ಅವರ ಮೇಲಧಿಕಾರಿ ಜುಮಾ ಎಂಬವನು ಒಂದು ಗುಂಪು ಕಟ್ಟಿಕೊಂಡು, ಕೆಸರಿನಲ್ಲಿ ಜಾರುತ್ತಾ, ಕಣಿವೆ ಇಳಿದು ಹತ್ತಿ ಅಲ್ಲಿಗೆ ಹೋದ. ಅಲ್ಲಿ ಒಬ್ಬಳು ಮುದುಕಿ ಒಂದು ಲಾಂದ್ರ ಇಟ್ಟುಕೊಂಡು ಕರು ಹಾಕುತ್ತಿದ್ದ ಹಸುವಿನ ಪಕ್ಕ ಕೂತಿದ್ದಳು. ಎರಡನೆಯ ದೀಪ ಇರಲಿಲ್ಲ.

“ಅವತ್ತಿನಿಂದ ನನ್ನ ಹೆಸರು ಅಬು ಸಿರಾಜೈನ್” ಎಂದರು ಮೇಜರ್. “ಎರಡು ದೀಪದ ಅಪ್ಪ. ಸೈನ್ಯದಲ್ಲಿ ಹಾಗೆ ಕರೆದರು. ಜುಮಾ ಕ್ಲಬ್ಬಿನಲ್ಲಿ ಈಗಲೂ ಹಾಗೇ ಕರೆಯುತ್ತಾನೆ.”

ಎಲಿಯಾಸ್ ರಸ್ತೆ ನೋಡುತ್ತಿದ್ದ.

“ನಾನು ಏನೆಂದುಕೊಂಡಿದ್ದೆ ಗೊತ್ತಾ? ಇವರು ಹೋಗುವಷ್ಟರಲ್ಲಿ ಯಾರೋ ಎರಡನೆಯ ದೀಪ ಆರಿಸಿದ ಎಂದು. ಇಷ್ಟು ವರ್ಷ ಹಾಗೇ ನಂಬಿದ್ದೆ. ಆ ಮನುಷ್ಯ ಹೇಗಿದ್ದಿರಬಹುದೆಂದೂ ಯೋಚಿಸಿದ್ದೆ. ಎತ್ತರದವನು. ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದ.” ಅವರು ಗೇರು ಬದಲಾಯಿಸಿದರು. “ಕೈಗೆ ಸಿಗದೆ ಹೋದನಲ್ಲ ಎಂದು ಬೇಸರ ಇತ್ತು.”

“ಅವನು ಇರಲಿಲ್ಲ, ಸರ್.”

“ಅದು ನನಗೆ ಆ ಶನಿವಾರ ಗೊತ್ತಾಯಿತು.”

ಡೊರೊತಿಯ ಕನ್ನಡಕ ಮಾಡಿಸಿದ ಅಂಗಡಿಗೇ ಎಲಿಯಾಸ್ ದಾರಿ ತೋರಿಸಿದ. ಅಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು ಲೋಲಾಕ್ಷಿ, ಕಾರ್ಕಳದ ಕಡೆಯವಳು. ಎಲಿಯಾಸನ ಜೊತೆ ತುಳುವಿನಲ್ಲಿ ಎರಡು ಮಾತಾಡಿ, ಮೇಜರನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಿಯಲ್ಲಿ ಗಲ್ಲ ಇಲ್ಲಿಡಿ, ಆ ಕಣ್ಣು ಮುಚ್ಚಿ ಎಂದು ಅಪ್ಪಣೆ ಕೊಡತೊಡಗಿದಳು. ಮೇಜರ್ ಹೇಳಿದಂತೆ ಮಾಡಿದರು. ಅಕ್ಷರಗಳನ್ನು ಬಹುಪಾಲು ಓದಿದರು. ಆಮೇಲೆ ಅವಳು ಗಡಿಯಾರದಂತಿದ್ದ ಒಂದು ಚಿತ್ರ ತೋರಿಸಿದಳು. ನಡುವಿನಿಂದ ಸುತ್ತಲೂ ಗೆರೆಗಳು ಹೊರಟಿದ್ದವು.

“ಎಲ್ಲ ಗೆರೆ ಒಂದೇ ಸಮ ಕಪ್ಪಗೆ ಕಾಣುತ್ತವಾ?”

“ಇಲ್ಲ. ಈ ಕಡೆಯವು ಕಪ್ಪು. ಆ ಕಡೆಯವು ಮಾಸಿವೆ. ಹಾಗೇ ಮುದ್ರಿಸಿದ್ದಾರಾ?”

“ಇಲ್ಲ, ಎಲ್ಲವೂ ಸಮ. ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಇರಬೇಕು. ನಿಮ್ಮದು ಮೊಟ್ಟೆಯ ಹಾಗಿದೆ.”

“ಯಾವಾಗಿನಿಂದ?”

“ಚಿಕ್ಕಂದಿನಿಂದಲೇ ಇರಬಹುದು. ಈಗ ಜಾಸ್ತಿಯಾಗಿದೆ.”

“ಸೈನ್ಯಕ್ಕೆ ಸೇರುವಾಗ ನನ್ನ ಕಣ್ಣು ಪರೀಕ್ಷೆ ಮಾಡಿದ್ದರು.”

“ಅಕ್ಷರ ಓದಿಸಿರುತ್ತಾರೆ. ಅಕ್ಷರವನ್ನು ಅಂದಾಜಿನಲ್ಲೂ ಓದಬಹುದು” ಎಂದಳು ಲೋಲಾಕ್ಷಿ. “ಕತ್ತಲಲ್ಲಿ ದೀಪ ತೋರಿಸಿರಲಿಕ್ಕಿಲ್ಲ.”

ಮೇಜರ್ ಎಲಿಯಾಸನ ಕಡೆಗೆ ನೋಡಿದರು. ನಾನೇನೂ ಹೇಳಿಲ್ಲ ಎಂಬಂತೆ ಎಲಿಯಾಸ್ ತಲೆ ಅಲ್ಲಾಡಿಸಿದ. ಅವನು ನಿಜವಾಗಿಯೂ ಹೇಳಿರಲಿಲ್ಲ.

ಕನ್ನಡಕ ತರಲು ಹೋದದ್ದು ಸಂಜೆ. ಮೇಜರ್ ಅದನ್ನು ಹಾಕಿಕೊಂಡು ಅಂಗಡಿಯ ಮೆಟ್ಟಿಲಿಳಿದು, ರೂವಿಯ ಬೀದಿಯಲ್ಲಿ ಸುಮ್ಮನೆ ನಿಂತರು. ಬೀದಿದೀಪಗಳು ಆಗಷ್ಟೇ ಹೊತ್ತಿದ್ದವು. ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. ಅವರು ಕಾರು ನಿಲ್ಲಿಸಿದ ಜಾಗದಿಂದ ಅದನ್ನು ತೆಗೆಯಲೆಂದು ಒಂದು ಟ್ಯಾಕ್ಸಿ ಹಿಂದೆ ನಿಂತು ಹಾರ್ನ್ ಮಾಡುತ್ತಿತ್ತು.

“ಇಷ್ಟು ಚಿಕ್ಕವಾ?” ಎಂದರು.

“ಯಾವುದು, ಸರ್?”

“ದೀಪಗಳು.”

ಎಲಿಯಾಸನೂ ತಲೆಯೆತ್ತಿ ನೋಡಿದ. ಅವನಿಗೆ ಅವು ಎಂದಿನಷ್ಟೇ ಇದ್ದವು. ಆದರೂ ಅವನು ಸ್ವಲ್ಪ ಹೊತ್ತು ನೋಡುತ್ತ ನಿಂತ, ಮೇಜರ್ ಒಬ್ಬರೇ ನಿಂತಂತೆ ಕಾಣಬಾರದೆಂದು.

ಇನ್ನು ಮೂರರಲ್ಲಿ ಒಂದನ್ನು ಆರಿಸುವ ಕೆಲಸ ಬಾಕಿಯಿತ್ತು. ಕ್ಲಬ್ಬಿನಲ್ಲಿ ಆಯುಧಗಳನ್ನು ನೋಡಿಕೊಳ್ಳುತ್ತಿದ್ದ ಬಲೂಚಿ ಮುದುಕನೊಬ್ಬ ಮೂರನ್ನೂ ಒಂದೊಂದಾಗಿ ಪಿಸ್ತೂಲಿಗೆ ಕೂರಿಸಿಕೊಟ್ಟ. ಎಲಿಯಾಸ್ ಎರಡು ಗುರುವಾರ ಅಲ್ಲಿ ಕಳೆದ. ಸ್ವೀಡನ್ನಿನದು ಗಟ್ಟಿಮುಟ್ಟಾಗಿತ್ತು, ಚುಕ್ಕೆ ಸೂಜಿಯ ಮೊನೆಯಷ್ಟು ಚೂಪಾಗಿತ್ತು, ಆದರೆ ಭಾರಕ್ಕೆ ಪಿಸ್ತೂಲಿನ ಮೂತಿ ಕೆಳಗೆ ವಾಲುತ್ತಿತ್ತು. ಅಮೆರಿಕದ್ದು ನೆರಳಿನಲ್ಲಿ ಚೆನ್ನಾಗಿತ್ತು, ಬಿಸಿಲೇರಿ ಬಿಳಿ ಹರಳುಗಳು ಕಣ್ಣು ಕುಕ್ಕತೊಡಗಿದಾಗ ಚುಕ್ಕೆ ಮಾಯವಾಗುತ್ತಿತ್ತು. ಒಮ್ಮೆ ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮರೆತು ಚಹಾ ಕುಡಿದು ಬರುವಷ್ಟರಲ್ಲಿ ಬ್ಯಾಟರಿ ಉಬ್ಬಿತ್ತು. ಜಪಾನಿನದು ಹಗುರ, ಬಿಸಿಲಿನಲ್ಲೂ ಕಾಣುತ್ತಿತ್ತು. ಆದರೆ ಎಸಿ ಕಾರಿನಿಂದ ಇಳಿದ ಕೂಡಲೇ ಸಮುದ್ರದ ಸೆಕೆಗೆ ಗಾಜಿನ ಮೇಲೆ ಮಂಜು ಕೂತು, ಅದು ಆರುವವರೆಗೆ ಕಾಯಬೇಕಾಗುತ್ತಿತ್ತು. ಅದರ ಚುಕ್ಕೆ ಉಳಿದೆರಡಕ್ಕಿಂತ ದೊಡ್ಡದು.

ಯಾರೂ ಎಣಿಸದಿದ್ದ ಇನ್ನೊಂದು ತೊಂದರೆ ಮೊದಲ ದಿನವೇ ಕಾಣಿಸಿಕೊಂಡಿತು. ಮೇಜರ್ ಕನ್ನಡಕ ಹಾಕಿ, ಸ್ವೀಡನ್ನಿನ ಕೊಳವೆಯಲ್ಲಿ ಗುರಿ ಹಿಡಿದರು. ಹೊಡೆಯಲಿಲ್ಲ. ಕೈ ಇಳಿಸಿದರು, ಮತ್ತೆ ಎತ್ತಿದರು, ಮತ್ತೆ ಇಳಿಸಿದರು.

“ಬಾಲ ಇದೆಯಾ, ಸರ್?”

“ಇಲ್ಲ. ದುಂಡಗಿದೆ. ಆದರೆ ನಿಲ್ಲುತ್ತಿಲ್ಲ.”

ಚುಕ್ಕೆ ಗುರಿಯ ಮೇಲೆ ನೊಣದಂತೆ ಸುತ್ತುತ್ತಿತ್ತು. ಕೈ ನಡುಗುತ್ತಿತ್ತು. ಅದು ಮೊದಲೂ ನಡುಗುತ್ತಿದ್ದಿರಬೇಕು, ಮಸುಕಾದ ಕುಡಿಯಲ್ಲಿ ಅವರಿಗೆ ಗೊತ್ತಾಗಿರಲಿಲ್ಲ. ಈಗ ಪ್ರತಿ ನಡುಕವೂ ಕೆಂಪಾಗಿ ಕಾಣುತ್ತಿತ್ತು. ಕೊನೆಗೆ ಅವರು ಹೊಡೆದರು. ಗುಂಡು ಹಳೆಯ ಕುರುಡು ಅಂದಾಜಿಗಿಂತಲೂ ಕೆಟ್ಟದಾಗಿ ಬಿತ್ತು.

ಮೇಜರ್ ಪಿಸ್ತೂಲಿನ ಗುಂಡುಗಳನ್ನೆಲ್ಲ ತೆಗೆದು, ಖಾಲಿ ಎಂದು ಬಲೂಚಿ ಮುದುಕನಿಗೂ ತೋರಿಸಿ, ಎಲಿಯಾಸನ ಕೈಗೆ ಕೊಟ್ಟರು. “ಹಿಡಿ. ನಿನಗೆ ಹೇಗಿದೆ ಹೇಳು.”

ಎಲಿಯಾಸ್ ಪಿಸ್ತೂಲು ಹಿಡಿದದ್ದು ಅದೇ ಮೊದಲು. ಅವನ ಚುಕ್ಕೆ ಗುರಿಯ ಮೇಲೆ ಇರಲೇ ಇಲ್ಲ. ದಿಬ್ಬದ ಮೇಲಿತ್ತು, ಆಮೇಲೆ ಆಕಾಶದಲ್ಲಿತ್ತು, ಪಕ್ಕದವರ ಗುರಿಗೂ ಹೋಗಿ ಬಂತು.

“ನಡುಗುತ್ತದಾ?”

“ಬಹಳ, ಸರ್.”

“ನನಗಿಂತ?”

“ನಿಮಗಿಂತ ಬಹಳ.”

“ಒಳ್ಳೆಯದು” ಎಂದು ಮೇಜರ್ ಪಿಸ್ತೂಲು ವಾಪಸ್ ತೆಗೆದುಕೊಂಡರು. ಅವರ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡಿತು.

ಎರಡನೆಯ ಗುರುವಾರ ಮೂರನ್ನೂ ನೋಡಿ ಮುಗಿಸಿದ ಮೇಲೆ, ತಗಡಿನ ನೆರಳಿನಲ್ಲಿ ಕೂತು ಮೇಜರ್ ಕೇಳಿದರು. “ಯಾವುದು?”

“ಜಪಾನಿನದು, ಸರ್.”

“ಯಾಕೆ?”

“ಮಂಜಿಗೆ ಉಪಾಯ ಇದೆ. ಬರುವಾಗ ಎಸಿ ಹಾಕದೆ ಬರುವುದು. ಚುಕ್ಕೆ ದೊಡ್ಡದು, ಹಾಗಾಗಿ ನಡುಕ ಕಡಿಮೆ.”

“ನಡುಕ ಕಡಿಮೆಯಾ, ಕಾಣುವುದು ಕಡಿಮೆಯಾ?”

ಎಲಿಯಾಸ್ ಯೋಚಿಸಿದ. “ಕಾಣುವುದು ಕಡಿಮೆ, ಸರ್.”

“ಹಾಗಾದರೆ ಅದೇ ಇರಲಿ” ಎಂದರು ಮೇಜರ್.

ಜನವರಿಯ ಸ್ಪರ್ಧೆಯ ದಿನ ಚಳಿಯಿತ್ತು. ಸೀಬಿನವರೆಗೂ ಕಾರಿನ ಕಿಟಕಿ ತೆರೆದು ಬಂದದ್ದರಿಂದ ಎಲಿಯಾಸನಿಗೆ ಮೂಗು ಸೋರುತ್ತಿತ್ತು. ಅವನ ಜೇಬಿನಲ್ಲಿ ಬದಲಿ ಬ್ಯಾಟರಿ, ಗಾಜು ಒರೆಸಲು ಲೋಲಾಕ್ಷಿ ಕೊಟ್ಟ ಹಳದಿ ಬಟ್ಟೆ. ಸದಸ್ಯರು ಬಿಳಿ ದಿಶ್ದಾಶ ನಿಲುವಂಗಿ ತೊಟ್ಟು ಚಹಾ ಕುಡಿಯುತ್ತಿದ್ದರು. ಅವರಲ್ಲೊಬ್ಬ ದಪ್ಪಗಿನ, ಗಡ್ಡ ಪೂರ್ತಿ ಬೆಳ್ಳಗಾದ ಮನುಷ್ಯ ದೂರದಿಂದಲೇ “ಅಬು ಸಿರಾಜೈನ್” ಎಂದು ಕೈಯೆತ್ತಿದ. ಅವನೇ ಜುಮಾ ಎಂದು ಎಲಿಯಾಸನಿಗೆ ಯಾರೂ ಹೇಳಬೇಕಾಗಲಿಲ್ಲ.

ಮೇಜರ್ ಅವನ ಎದುರು ಹೋಗಿ ಕೂತರು. ಅವರು ಆಡಿದ್ದು ಅರಬ್ಬಿಯಲ್ಲಿ. ಹಲವು ವರ್ಷ ಮಸ್ಕತ್ತಿನಲ್ಲಿದ್ದ ಎಲಿಯಾಸನಿಗೆ ಅದು ಅರ್ಥವಾಯಿತು.

“ಜುಮಾ, ಆ ಬೆಟ್ಟದಲ್ಲಿ ಒಂದೇ ದೀಪ ಇತ್ತು.”

“ನನಗೆ ಗೊತ್ತು. ನಾನು ಅಲ್ಲಿಗೆ ಹೋಗಿದ್ದೆ.”

“ನನಗೆ ಎರಡು ಕಂಡಿದ್ದು ನಿಜ. ನನ್ನ ಕಣ್ಣೇ ಹಾಗಿದೆ.” ಮೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ಸುಳ್ಳು ಹೇಳಿರಲಿಲ್ಲ.”

ಜುಮಾ ಕನ್ನಡಕ ಎತ್ತಿ ತನ್ನ ಮೂಗಿನ ಮೇಲಿಟ್ಟುಕೊಂಡು ದೂರದ ಬೆಟ್ಟಗಳನ್ನು ನೋಡಿದ. ತಲೆ ಸುತ್ತಿರಬೇಕು, ಬೇಗ ತೆಗೆದ. “ಸುಳ್ಳು ಹೇಳಿದೆ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ” ಎಂದ. “ನೀನು ಹೆದರಿದ್ದೆ ಎಂದುಕೊಂಡಿದ್ದೆ.”

ಮೇಜರ್ ಬರಿಗಣ್ಣಿನಲ್ಲಿ ಅದೇ ಬೆಟ್ಟಗಳ ಕಡೆಗೆ ನೋಡಿದರು.

“ಹೆದರಿದ್ದೆ” ಎಂದರು. “ಅದು ಬೇರೆ ವಿಷಯ.”

“ನಾನೂ ಹೆದರಿದ್ದೆ. ಮುದುಕಿ ಕೂಗಿದಾಗ ಬಂದೂಕು ಕೈಜಾರಿ ಬಿತ್ತು. ಯಾರಿಗೂ ಹೇಳಿಲ್ಲ.” ಜುಮಾ ಕನ್ನಡಕ ಹಿಂದಕ್ಕೆ ಕೊಟ್ಟು ಖರ್ಜೂರದ ತಟ್ಟೆಯನ್ನು ಅವರ ಕಡೆಗೆ ತಳ್ಳಿದ. “ಕರು ಚೆನ್ನಾಗಿತ್ತು. ಹೆಣ್ಣು ಕರು.”

ಇದನ್ನು ಮೇಜರ್ ಮೊದಲ ಸಲ ಕೇಳುತ್ತಿದ್ದರು. ಅವರು ಖರ್ಜೂರ ತಿಂದರು.

ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಮೇಜರ್ ಚುಕ್ಕೆ ನಿಲ್ಲಲೆಂದು ಕಾಯುತ್ತ ಕಾಯುತ್ತ ಸಮಯ ಕಳೆದರು. ಕೊನೆಯ ಗುಂಡುಗಳನ್ನು ಅವಸರದಲ್ಲಿ ಹೊಡೆದರು. ಎರಡು ಗುಂಡು ಗುರಿಯ ಕಾಗದಕ್ಕೇ ತಾಗಲಿಲ್ಲ. ವಾಪಸ್ ಬಂದು ಕುರ್ಚಿಯಲ್ಲಿ ಕೂತಾಗ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಅಷ್ಟು ಚಳಿಯಲ್ಲೂ.

ಎಲಿಯಾಸ್ ಗಾಜು ಒರೆಸಿದ. ಏನಾದರೂ ಹೇಳಬೇಕೆಂದು ಅವನಿಗೆ ಅನ್ನಿಸಿತು. “ಅದು ನಿಲ್ಲುವುದಿಲ್ಲ, ಸರ್.”

“ಹಾಗಾದರೆ ಹೊ‌ಡೆಯುವುದು ಯಾವಾಗ?”

“ಅದು ನನಗೆ ಗೊತ್ತಿಲ್ಲ, ಸರ್. ನಾನು ಪರ್ಚೇಸ್.”

ಮೇಜರ್ ಅವನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಮೆಲ್ಲಗೆ ಕುಲುಕಿತು. ಅವರು ನಗುತ್ತಿದ್ದಾರೆಂದು ಎಲಿಯಾಸನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ನಕ್ಕದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಮೇಜರ್ ಕಾಯಲಿಲ್ಲ. ಚುಕ್ಕೆ ಅಲೆಯುತ್ತಿದ್ದಂತೆಯೇ, ಅದು ಕಪ್ಪು ವೃತ್ತದ ಒಳಗೆಲ್ಲೋ ಇದೆ ಎಂಬಷ್ಟಕ್ಕೆ ಒಪ್ಪಿ, ನಿಧಾನವಾಗಿ ಪಿಸ್ತೂಲಿನ ಕುದುರೆ ಒತ್ತಿದರು. ಒಂದರ ಹಿಂದೆ ಒಂದು, ಒಂದೇ ಲಯದಲ್ಲಿ ಗುಂಡುಗಳು ಹೋದವು. ಗುರಿಯ ಕಾಗದ ತಂದಾಗ ತೂತುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರವಿದ್ದವು. ಜುಮಾ ತನ್ನ ಅಂಗೈಯಿಂದ ಮುಚ್ಚಿ ನೋಡಿ, “ನನ್ನ ಕೈ ದೊಡ್ಡದು” ಎಂದ.

ಆ ಸುತ್ತಿನಲ್ಲಿ ಮೇಜರಿಗಿಂತ ಚೆನ್ನಾಗಿ ಯಾರೂ ಹೊಡೆದಿರಲಿಲ್ಲ. ಆದರೆ ಮೊದಲ ಸುತ್ತಿನದೂ ಲೆಕ್ಕಕ್ಕೆ ಬಂತು. ಒಟ್ಟಿನಲ್ಲಿ ಅವರು ಮೂರನೆಯವರಾದರು. ಮೊದಲ ಬಹುಮಾನದ ಫಲಕ ಹೊಸದಾಗಿ ನಿವೃತ್ತನಾಗಿದ್ದ ಒಬ್ಬ ಪೊಲೀಸಿನವನಿಗೆ ಹೋಯಿತು. ಅವನ ಪಿಸ್ತೂಲಿನ ಮೇಲೆ ಯಾವ ಕೊಳವೆಯೂ ಇರಲಿಲ್ಲ. ಅವನಿಗೆ ಇನ್ನೂ ಕಣ್ಣು ಕಾಣುತ್ತಿತ್ತು.

ಊಟಕ್ಕೆ ದೊಡ್ಡ ತಟ್ಟೆಗಳಲ್ಲಿ ಅನ್ನ, ಮಾಂಸ. ಮೇಜರ್ ತಮ್ಮ ಪಕ್ಕದಲ್ಲೇ ಎಲಿಯಾಸನನ್ನು ಕೂರಿಸಿಕೊಂಡು, ಮಾಂಸದ ಒಳ್ಳೆಯ ತುಂಡುಗಳನ್ನು ಮುರಿದು ಅವನ ಕಡೆಗೆ ಹಾಕಿದರು. ಎದುರಿಗೆ ಕೂತ ಜುಮಾ, ಈ ಹಿಂದಿ, ಅಂದರೆ ಈ ಭಾರತದವನು, ಯಾರು ಎಂದು ಕೇಳಿದ.

“ಇವನೇ ಆರಿಸಿದ್ದು” ಎಂದರು ಮೇಜರ್.

“ಏನನ್ನು? ಆ ಕೊಳವೆಯನ್ನಾ?”

“ಅದನ್ನೂ.”

ಸಂಜೆ ಮನೆಗೆ ಬಂದಾಗ ಡೊರೊತಿ ಬಾಗಿಲಲ್ಲೇ ಕೇಳಿದಳು. “ಗೆದ್ದರಾ?”

“ಮೂರನೆಯವರಾದರು.”

“ಅಷ್ಟೆಲ್ಲ ಮಾಡಿ ಮೂರನೆಯದಾ?”

“ಹೋದ ವರ್ಷ ಏಳನೆಯದು.”

ಡೊರೊತಿ ಇದನ್ನು ಟೀಚರಿನಂತೆ ತೂಗಿ ನೋಡಿದಳು. “ಪರವಾಗಿಲ್ಲ. ಸುಧಾರಣೆ ಉಂಟು” ಎಂದು ಒಳಗೆ ಹೋಗಿ ಅವನ ಶೀತಕ್ಕೆ ಕಾಳುಮೆಣಸಿನ ಕಷಾಯ ಇಟ್ಟಳು. ಎಲಿಯಾಸ್ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದ. ಶನಿವಾರ ಉಳಿದೆರಡು ಕೊಳವೆಗಳನ್ನು ವಾಪಸ್ ಕಳಿಸಬೇಕಿತ್ತು. ಮಾಲು ಚೆನ್ನಾಗಿದೆ, ಆದರೂ ಹಿಂತಿರುಗಿಸುತ್ತಿದ್ದೇವೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಅವನು ಯೋಚಿಸತೊಡಗಿದ.